ಹಿತ್ತಲ ಕೋಳಿಗೆ ಜಂತುಹುಳು: ಸೊಪ್ಪು-ಬೀಜ ಎಲ್ಲಿಯವರೆಗೆ, ಔಷಧಿ ಯಾವಾಗ

ಮಣ್ಣು ಕೆದರಿ ತಿನ್ನುವ ಕೋಳಿಯ ಹೊಟ್ಟೆಯಲ್ಲಿ ಒಂದಷ್ಟು ಹುಳು ಇದ್ದೇ ಇರುತ್ತವೆ. ಚೆನ್ನಾಗಿ ಮೇದು ಬಲಿತ ಹೇಂಟೆ ನಾಲ್ಕಾರು ದುಂಡುಹುಳು ಹೊತ್ತುಕೊಂಡೇ ಮೊಟ್ಟೆ ಇಡುತ್ತದೆ, ಅದಕ್ಕೇನೂ ಆಗುವುದಿಲ್ಲ. ಅದೇ ಹುಳು ಎರಡು ತಿಂಗಳ ಮರಿಯ ಕರುಳಿನಲ್ಲಿ ಹತ್ತಿಪ್ಪತ್ತು ಸೇರಿಕೊಂಡರೆ ಮರಿ ಬೆಳೆಯುವುದೇ ಇಲ್ಲ, ರೆಕ್ಕೆ ಜೋತುಬಿಟ್ಟು ಮೂಲೆ ಹಿಡಿಯುತ್ತದೆ. ಆದ್ದರಿಂದ ‘ಬೇವು ಸಾಕೇ, ಇಂಗ್ಲಿಷ್ ಔಷಧಿ ಬೇಕೇ’ ಎಂದು ಕೇಳುವ ಮೊದಲು ಯಾವ ಹುಳು, ಎಷ್ಟಿದೆ, ಯಾವ ವಯಸ್ಸಿನ ಕೋಳಿ ಎಂಬ ಮೂರನ್ನು ತಿಳಿದುಕೊಳ್ಳಬೇಕು.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಮದ್ದು ಹುಳುವಿನ ಹೊರೆಯನ್ನು ಒಂದಿಷ್ಟು ತಗ್ಗಿಸಬಹುದು, ಕೋಳಿಯನ್ನು ಗಟ್ಟಿಯಾಗಿಡಬಹುದು. ಹುಳು ತುಂಬಿ ಸೊರಗಿದ ಕೋಳಿಯನ್ನು ಅದು ಉಳಿಸುವುದಿಲ್ಲ. ಅಲ್ಲಿ ಔಷಧಿಯೇ ಬೇಕು, ಅದೂ ತೂಕ ನೋಡಿ ಅಳೆದು ಕೊಟ್ಟ ಔಷಧಿ. ಆದರೆ ಔಷಧಿ ಕೂಡ ಇವತ್ತು ಹೊಟ್ಟೆಯಲ್ಲಿರುವ ಹುಳುವನ್ನಷ್ಟೇ ತೆಗೆಯುತ್ತದೆ. ನಾಳೆ ಮತ್ತೆ ಹೊಟ್ಟೆ ಸೇರುವುದನ್ನು ತಡೆಯುವುದು ಗೂಡಿನ ನೆಲ.

ಯಾವ ಹುಳು ಎಂದು ಗೊತ್ತಾಗದೆ ಔಷಧಿ ಬೇಡ

ಹಿತ್ತಲಲ್ಲಿ ಹೆಚ್ಚು ಕಾಣುವುದು ದುಂಡುಹುಳು, ಅಂದರೆ ಆಸ್ಕರಿಡಿಯಾ ಗಾಲ್ಲಿ. ಸಣ್ಣಕರುಳಿನಲ್ಲಿರುತ್ತದೆ, ಬಿಳಿ ಬಣ್ಣ, ಬಲಿತ ಹೆಣ್ಣುಹುಳು 7ರಿಂದ 12 ಸೆಂಟಿಮೀಟರ್ ಉದ್ದ. ಹಿಕ್ಕೆಯೊಂದಿಗೆ ಬಿದ್ದ ಇದರ ಮೊಟ್ಟೆ ತೇವ ಮತ್ತು ಬೆಚ್ಚಗಿರುವ ಮಣ್ಣಿನಲ್ಲಿ 10ರಿಂದ 20 ದಿನದಲ್ಲಿ ಸೋಂಕು ಹರಡುವ ಹಂತಕ್ಕೆ ಬರುತ್ತದೆ. ಕೋಳಿ ಅದನ್ನು ನುಂಗಿದ ಐದರಿಂದ ಎಂಟು ವಾರಕ್ಕೆ ಹೊಸ ಹುಳು ಬಲಿತು ತಾನೇ ಮೊಟ್ಟೆ ಇಡತೊಡಗುತ್ತದೆ. ಈ ಎರಡು ಲೆಕ್ಕ ನೆನಪಿರಲಿ. ಎರಡನೇ ಡೋಸ್ ಯಾವಾಗ, ಗೂಡು ಎಷ್ಟು ದಿನಕ್ಕೊಮ್ಮೆ ಗುಡಿಸಬೇಕು ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ.

ಕುರುಡು ಕರುಳಿನಲ್ಲಿ, ಅಂದರೆ ಸಣ್ಣಕರುಳು ದೊಡ್ಡಕರುಳು ಸೇರುವಲ್ಲಿರುವ ಜೋಡಿ ಚೀಲದಲ್ಲಿ, ಇರುವ ಹೆಟೆರಾಕಿಸ್ ಎಂಬ ಹುಳು ಒಂದರಿಂದ ಒಂದೂವರೆ ಸೆಂಟಿಮೀಟರಿನದು. ನಾಟಿ ಕೋಳಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಅದರ ಮೊಟ್ಟೆಯೊಳಗೆ ಹಿಸ್ಟೊಮೊನಾಸ್ ಎಂಬ ಸೂಕ್ಷ್ಮಜೀವಿ ಅಡಗಿ ಸಾಗುತ್ತದೆ. ಟರ್ಕಿ ಕೋಳಿಗಳ ಪಿತ್ತಜನಕಾಂಗ ಕೆಡಿಸಿ ಅವುಗಳನ್ನು ಸಾಲಾಗಿ ಕೆಡವುವುದು ಅದೇ. ನಾಟಿ ಕೋಳಿ ಮತ್ತು ಟರ್ಕಿಯನ್ನು ಒಂದೇ ಅಂಗಳದಲ್ಲಿ ಸಾಕಬಾರದು ಎನ್ನುವುದು ಇದಕ್ಕೇ.

ಕೂದಲಿನಷ್ಟು ತೆಳುವಾದ ಕ್ಯಾಪಿಲೇರಿಯಾ ಎಂಬ ಹುಳು ಬರಿಗಣ್ಣಿಗೆ ಸುಲಭವಾಗಿ ಕಾಣದು, ಕೋಳಿಯನ್ನು ಸೊರಗಿಸುವುದರಲ್ಲಿ ಮಾತ್ರ ಎಲ್ಲಕ್ಕಿಂತ ಮುಂದು. ಇದರ ಕೆಲವು ಜಾತಿಗಳು ಎರೆಹುಳುವಿನ ಮೂಲಕ ಬರುತ್ತವೆ. ಮರಿಗಳು ಕತ್ತು ಚಾಚಿ, ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿದರೆ ಶ್ವಾಸನಾಳದ ಕೆಂಪು ಹುಳು, ಸಿಂಗಾಮಸ್, ಇರಬಹುದು. ಶೀತ ಇದ್ದಾಗಲೂ ಹಾಗೆಯೇ ಕಾಣುವುದರಿಂದ ಅದನ್ನು ವೈದ್ಯರೇ ನೋಡಬೇಕು.

ಲಾಡಿಹುಳುವಿನ ದಾರಿಯೇ ಬೇರೆ. ಒಂದು ಕೋಳಿಯ ಹಿಕ್ಕೆಯಿಂದ ಇನ್ನೊಂದು ಕೋಳಿಗೆ ಅದು ನೇರವಾಗಿ ಬರುವುದಿಲ್ಲ. ಇರುವೆ, ಸಗಣಿ ಜೀರುಂಡೆ, ನೊಣ ಅಥವಾ ಬಸವನಹುಳು ಮೊದಲು ಅದರ ಮೊಟ್ಟೆ ತಿನ್ನಬೇಕು, ಕೋಳಿ ಆ ಹುಳಹುಪ್ಪಟೆಯನ್ನು ತಿನ್ನಬೇಕು. ಹಿಕ್ಕೆಯ ಮೇಲೆ ಅಕ್ಕಿ ನುಚ್ಚಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳುವಿನ ಕಳಚಿದ ಗಂಟು.

ಹಿಕ್ಕೆಯಲ್ಲಿ ರಕ್ತ ಕಂಡರೆ ಹುಳು ಎಂದುಕೊಳ್ಳಬೇಡಿ. ಅದು ಬಹುಪಾಲು ಕಾಕ್ಸಿಡಿಯೋಸಿಸ್, ಸೂಕ್ಷ್ಮಜೀವಿಯಿಂದ ಬರುವ ಕರುಳಿನ ರೋಗ. ಅದಕ್ಕೆ ಜಂತುಹುಳು ಔಷಧಿ ನಾಟುವುದೇ ಇಲ್ಲ, ಆಂಪ್ರೋಲಿಯಂ ಬೇಕು. ಎರಡು ಮೂರು ದಿನದಲ್ಲಿ ಕೋಳಿಗಳು ಪಟಪಟ ಸಾಯತೊಡಗಿದರೆ ಅದೂ ಹುಳುವಲ್ಲ. ರಾಣಿಖೇತ್ ಎಂಬ ವೈರಸ್ ರೋಗ ಇರಬಹುದು, ಕೂಡಲೇ ಪಶುವೈದ್ಯರಿಗೆ ತಿಳಿಸಿ.

ಪತ್ತೆ ಮಾಡಲು ಎರಡು ದಾರಿ

ಬಿಳಿಚಿದ ಜುಟ್ಟು, ಕೈಗೆ ಚೂಪಾಗಿ ತಾಗುವ ಎದೆಮೂಳೆ, ಕಡಿಮೆಯಾದ ಮೊಟ್ಟೆ, ತೆಳು ಭೇದಿ, ತಿಂದರೂ ಮೈ ಹಿಡಿಯದಿರುವುದು, ಇವೆಲ್ಲ ಹುಳುವಿನ ಲಕ್ಷಣವೂ ಹೌದು, ಹೇನು-ಉಣ್ಣೆಯ ಲಕ್ಷಣವೂ ಹೌದು, ಬರಿಯ ಹಸಿವಿನ ಲಕ್ಷಣವೂ ಹೌದು. ಮೊದಲು ರಾತ್ರಿ ಟಾರ್ಚ್ ಹಿಡಿದು ರೆಕ್ಕೆಯಡಿ, ಗುದದ ಸುತ್ತ, ಕೋಳಿ ಕೂರುವ ಕೋಲಿನ ಸಂದಿಯಲ್ಲಿ ಉಣ್ಣೆ ಇದೆಯೇ ನೋಡಿ.

ಹಿಕ್ಕೆ ಪರೀಕ್ಷೆ ಒಳ್ಳೆಯ ದಾರಿ. ಬೆಳಿಗ್ಗೆ ಐದಾರು ಕೋಳಿಗಳ ಹೊಸ ಹಿಕ್ಕೆಯನ್ನು ಚೂರುಚೂರು ತೆಗೆದು, ಒಟ್ಟು ಹತ್ತು ಗ್ರಾಂನಷ್ಟು, ಮುಚ್ಚಳವಿರುವ ಶುಭ್ರ ಡಬ್ಬಿಗೆ ಹಾಕಿ. ಮಣ್ಣು ಅಂಟಿರಬಾರದು, ಏಕೆಂದರೆ ಮಣ್ಣಿನಲ್ಲೇ ಬದುಕುವ ಹುಳುಗಳ ಮೊಟ್ಟೆ ಸೇರಿಕೊಂಡು ಫಲಿತಾಂಶ ಕೆಡುತ್ತದೆ. ಅದೇ ದಿನ ತಂಪಾಗಿಟ್ಟುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಕೊಡಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಮತ್ತು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇರುವುದರಿಂದ ಬೆಂಗಳೂರಿನವರಿಗೆ ಇದು ಇನ್ನೂ ಸುಲಭ. ಒಂದು ಮಿತಿ ಮಾತ್ರ ನೆನಪಿಡಿ: ಹುಳು ಬಲಿಯುವ ಮೊದಲ ಐದಾರು ವಾರ ಅದು ಮೊಟ್ಟೆ ಇಡುವುದಿಲ್ಲ. ಆಗ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆಯಲ್ಲಿ ಹುಳು ಇರಬಹುದು.

ಎರಡನೆಯದು ಅಡುಗೆಮನೆಯ ದಾರಿ. ಸಾರಿಗೆಂದು ಕೋಳಿ ಕೊಯ್ದ ದಿನ ಕರುಳನ್ನು ತಿಪ್ಪೆಗೆ ಎಸೆಯಬೇಡಿ. ಕಪ್ಪು ಬಣ್ಣದ ತಟ್ಟೆಯಲ್ಲಿ ಒಂದಿಷ್ಟು ನೀರು ಹಾಕಿ, ಕರುಳನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ. ದುಂಡುಹುಳು ಬೇಯಿಸಿದ ಶಾವಿಗೆಯಂತೆ ತೇಲಿಬರುತ್ತದೆ. ಲಾಡಿಹುಳು ಚಪ್ಪಟೆ, ತಲೆ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ, ಎಳೆದರೆ ತುಂಡಾಗುತ್ತದೆ. ಗೋಡೆಯ ಮೇಲೆ ಸಾಸಿವೆ ಗಾತ್ರದ ಗಂಟುಗಳು ಕಂಡರೆ ಅದು ರೈಲ್ಲಿಯೆಟಿನಾ ಎಂಬ ಲಾಡಿಹುಳು ತಲೆ ಹುದುಗಿಸಿದ ಗುರುತಿರಬಹುದು. ಕೊನೆಗೆ ಜೋಡಿ ಕುರುಡು ಕರುಳಿನ ತುದಿ ಸೀಳಿ, ಹೆಟೆರಾಕಿಸ್ ಅಲ್ಲೇ ಗುಂಪಾಗಿರುತ್ತದೆ. ಒಂದು ಕೋಳಿಯಲ್ಲಿ ಕಂಡದ್ದು ಇಡೀ ಹಿಂಡಿನ ಪಾಡು ಹೇಳುತ್ತದೆ, ಒಟ್ಟಿಗೇ ಮೇಯುವ ಕೋಳಿಗಳಲ್ಲವೇ. ನೋಡಿಯಾದ ಮೇಲೆ ಕರುಳನ್ನು ಸುಡಿ ಅಥವಾ ಆಳವಾಗಿ ಹೂಳಿ.

ಮನೆಮದ್ದು: ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಪಪ್ಪಾಯಿಯ ವಿಷಯದಲ್ಲಿ ನಂಬಿಕೆಗೆ ಆಧಾರವಿದೆ. ಅದರ ಹಾಲಿನಲ್ಲಿರುವ ಪಪಾಯಿನ್ ಮತ್ತು ಅದರ ಜೊತೆಯ ಕಿಣ್ವಗಳು ಹುಳುವಿನ ಹೊರಸಿಪ್ಪೆಯನ್ನೇ ಕರಗಿಸುತ್ತವೆ. ಬೀಜದಲ್ಲಿ ಬೆಂಜೈಲ್ ಐಸೊಥಯೊಸಯನೇಟ್ ಎಂಬ ಹುಳುವಿಗೆ ಮಾರಕವಾದ ರಾಸಾಯನಿಕ ಇದೆ. ತೊಂದರೆ ಇರುವುದು ಅಳತೆಯಲ್ಲಿ. ಕಾಯಿಯಿಂದ ಕಾಯಿಗೆ ಹಾಲಿನ ಶಕ್ತಿ ಬೇರೆ, ಹಣ್ಣಾದಂತೆ ಅದು ಇಳಿಯುತ್ತದೆ, ಬಿಸಿಲಿಗೆ ಒಣಗಿಸಿದರೆ ಇನ್ನೂ ಇಳಿಯುತ್ತದೆ. ಕೊಡುವುದಾದರೆ ಹಸಿ ಬೀಜವನ್ನು ಜಜ್ಜಿ, ಹತ್ತು ಕೋಳಿಗೆ ಒಂದು ಹಿಡಿಯಂತೆ ಬೆಳಗಿನ ಕಲಸಿದ ಹಿಟ್ಟಿಗೆ ಸೇರಿಸಿ ಮೂರು ದಿನ ಕೊಡಿ. ಇಡೀ ಬೀಜ ಹಾಕಿದರೆ ಹಾಗೆಯೇ ಹೊರಬರುವುದೂ ಉಂಟು. ಹಸಿ ಹಾಲನ್ನು ನೇರವಾಗಿ ಬಾಯಿಗೆ ಬಿಡಬೇಡಿ, ಗಂಟಲು ಸುಡುತ್ತದೆ.

ಸಿಹಿಗುಂಬಳದ ಬೀಜದಲ್ಲಿರುವ ಕುಕುರ್ಬಿಟಿನ್ ಲಾಡಿಹುಳುವಿನ ಹಿಡಿತ ಸಡಿಲಿಸುತ್ತದೆ ಎನ್ನುತ್ತಾರೆ. ಹುರಿಯದ ಬೀಜವನ್ನು ತರಿತರಿಯಾಗಿ ಕುಟ್ಟಿ ಕೊಡಿ. ಕೋಳಿಗೆ ಕೊಬ್ಬು, ಪ್ರೋಟೀನ್ ಆದರೂ ಸಿಗುತ್ತದೆ, ಹಾನಿಯಂತೂ ಇಲ್ಲ. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಟ್ಟು ಹಿಟ್ಟಿಗೆ ಕಲಸಬೇಕು, ಬೇಯಿಸಿದರೆ ಅದರ ಸತ್ವ ಹೋಗುತ್ತದೆ. ವಾರಕ್ಕೆ ಒಂದೆರಡು ಸಲ ಸಾಕು, ದಿನವೂ ಹಾಕಿದರೆ ಮೊಟ್ಟೆಗೆ ವಾಸನೆ ಬರುತ್ತದೆ. ಬೇವಿನ ಸೊಪ್ಪು, ತುಂಬೆ ಸೊಪ್ಪು, ಹಾಗಲಕಾಯಿ, ಅರಿಸಿನ, ಬಾಳೆದಿಂಡಿನ ರಸವನ್ನು ಬೆಲ್ಲದೊಂದಿಗೆ ಅರೆದು ದನಕ್ಕೆ ಕೊಡುವ ರೂಢಿಯಿದೆ. ಕೋಳಿಗೂ ಅದನ್ನೇ ಕಡಲೆಗಾತ್ರದ ಉಂಡೆ ಮಾಡಿ ಕೊಡುತ್ತಾರೆ. ಬೇವಿನ ಎಣ್ಣೆಯನ್ನು ಮಾತ್ರ ಹೊಟ್ಟೆಗೆ ಕೊಡಬೇಡಿ.

ಮುತ್ತುಗದ ಬೀಜ ಆಯುರ್ವೇದದಲ್ಲಿ ಹಳೆಯ ಕ್ರಿಮಿಹರ. ಅದರಲ್ಲಿರುವ ಪಲಾಸೊನಿನ್ ಕೋಳಿಯ ದುಂಡುಹುಳುವಿನ ಮೇಲೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ. ಆದರೆ ಅದು ಬಲವಾದ ಭೇದಿ ತರಿಸುವ ವಸ್ತು, ಸೊರಗಿದ ಕೋಳಿಗೆ ಕೊಟ್ಟರೆ ನೀರಿನಂಶ ಹೋಗಿ ಬಿದ್ದೇಬಿಡುತ್ತದೆ. ಕೋಳಿಗೆ ಎಷ್ಟು ಎಂಬ ನಿಶ್ಚಿತ ಪ್ರಮಾಣವಿಲ್ಲದೆ ಕೈ ಹಾಕದಿರುವುದೇ ಒಳ್ಳೆಯದು. ಅಡಿಕೆಯದೂ ಇದೇ ಕಥೆ. ಅದರ ಅರೆಕೊಲಿನ್ ಒಂದು ಕಾಲಕ್ಕೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿತ್ತು, ಆದರೆ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಡಿಮೆ. ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಮೈಲುತುತ್ತ ಈ ಮೂರನ್ನೂ ಖಂಡಿತ ಕೊಡಬಾರದು. ಇವುಗಳಿಂದ ಹುಳು ಬಿದ್ದ ಕಥೆ ಹೇಳುವವರು ಸತ್ತ ಕೋಳಿಯ ಲೆಕ್ಕ ಹೇಳುವುದಿಲ್ಲ.

ಆನ್‌ಲೈನಿನಲ್ಲಿ ಮಾರುವ ಡಯಟೋಮೇಷಿಯಸ್ ಅರ್ತ್ ಪುಡಿ ಒಣಗಿದ್ದಾಗ ಹೇನು-ಉಣ್ಣೆಯ ಮೈ ಒಣಗಿಸುತ್ತದೆ. ಕರುಳಿನೊಳಗೆ ಎಲ್ಲವೂ ಒದ್ದೆ, ಅಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು. ಮಣ್ಣುಸ್ನಾನದ ಗುಂಡಿಗೆ ಬೆರೆಸಲು ಬಳಸಬಹುದು, ಎರಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಪಲ್ ಸೈಡರ್ ವಿನೆಗರ್ ಹುಳು ಕೊಲ್ಲುವುದಿಲ್ಲ. ತಗಡಿನ ಪಾತ್ರೆಯಲ್ಲಿ ಬೆರೆಸಿದರೆ ಸತು ಕರಗಿ ಬೇರೆಯೇ ತೊಂದರೆ.

ಮನೆಮದ್ದಿನಲ್ಲಿ ನಾವು ಮನಸಾರೆ ಒಪ್ಪುವುದು ಸೊಪ್ಪನ್ನು. ಎ ಜೀವಸತ್ವ ಮತ್ತು ಪ್ರೋಟೀನ್ ಕಡಿಮೆಯಾದ ಕೋಳಿಯಲ್ಲಿ ದುಂಡುಹುಳು ಹೆಚ್ಚು ಬೇರೂರುತ್ತದೆ. ನುಗ್ಗೆಸೊಪ್ಪು, ಹರಿವೆಯನ್ನು ದಿನವೂ ಕೋಳಿಗೊಂದು ಹಿಡಿ ಕಟ್ಟಿಬಿಟ್ಟರೆ, ಬರಿಯ ನುಚ್ಚು ತಿನ್ನುವ ಕೋಳಿಗಿಂತ ಅದು ಹುಳುವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಔಷಧಿ: ಹೆಸರು, ಅಳತೆ, ಲೆಕ್ಕ

ಮೊದಲು ತೂಗಿ. ಕೋಳಿಯನ್ನು ಬಟ್ಟೆ ಚೀಲದಲ್ಲಿಟ್ಟು ಕೊಕ್ಕೆ ತಕ್ಕಡಿಗೆ ಹಾಕಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಒಂದು ನಾಟಿ ಹೇಂಟೆ ಒಂದೂಕಾಲು ಕೆಜಿ ಇದ್ದರೆ ಪಕ್ಕದಲ್ಲಿರುವ ಗಿರಿರಾಜ ಮೂರು ಕೆಜಿ ಇರಬಹುದು. ಕಡಿಮೆ ಡೋಸ್ ಬಿದ್ದರೆ ಗಟ್ಟಿ ಹುಳುಗಳು ಬದುಕುಳಿದು ಅವುಗಳದೇ ಸಂತತಿ ಹೆಚ್ಚುತ್ತದೆ. ಅಮೆರಿಕದ ಟರ್ಕಿ ಫಾರ್ಮ್‌ಗಳಲ್ಲಿ ಫೆನ್‌ಬೆಂಡಜೋಲ್‌ಗೆ ಬಗ್ಗದ ದುಂಡುಹುಳು ಈಗಾಗಲೇ ಕಂಡಿದೆ.

ಪೈಪರಜೀನ್ ಅಗ್ಗ, ಕೋಳಿಗೆ ಸುರಕ್ಷಿತ, ನೀರಿನಲ್ಲಿ ಕರಗುತ್ತದೆ. ಆದರೆ ಬಲಿತ ದುಂಡುಹುಳುವಿಗೆ ಮಾತ್ರ. ಹುಳುವನ್ನು ಮರಗಟ್ಟಿಸಿ ಹಿಕ್ಕೆಯೊಂದಿಗೆ ಹೊರಹಾಕುತ್ತದೆ, ಲಾಡಿಹುಳುವಿನ ಗೊಡವೆಗೆ ಹೋಗುವುದಿಲ್ಲ. ಕೆಜಿ ತೂಕಕ್ಕೆ 100ರಿಂದ 200 ಮಿಗ್ರಾಂ. ಶೇ. 45ರ ದ್ರಾವಣದಲ್ಲಿ ಒಂದು ಮಿಲಿಗೆ 450 ಮಿಗ್ರಾಂ ಇರುತ್ತದೆ. ಒಂದೂವರೆ ಕೆಜಿಯ ಹತ್ತು ಹೇಂಟೆ ಎಂದರೆ 15 ಕೆಜಿ, 200 ಮಿಗ್ರಾಂ ಲೆಕ್ಕದಲ್ಲಿ 3,000 ಮಿಗ್ರಾಂ, ಅಂದರೆ ಆರೂಮುಕ್ಕಾಲು ಮಿಲಿಯ ಹತ್ತಿರ. ರಾತ್ರಿಯೇ ನೀರು ತೆಗೆದಿಟ್ಟು, ಬೆಳಿಗ್ಗೆ ಈ ಔಷಧಿಯನ್ನು ಅರ್ಧ ಲೀಟರ್ ನೀರಿಗೆ ಬೆರೆಸಿ ಎರಡು ಮೂರು ತಟ್ಟೆಯಲ್ಲಿ ಇಡಿ, ಇಲ್ಲದಿದ್ದರೆ ಜಗಳಗಂಟಿ ಹುಂಜವೇ ಎಲ್ಲವನ್ನೂ ಕುಡಿಯುತ್ತದೆ. ಅದು ಮುಗಿದ ಮೇಲೆಯೇ ಬೇರೆ ನೀರು. ಬೇಸಿಗೆಯ ನಡುಹಗಲಲ್ಲಿ ಈ ಕೆಲಸ ಬೇಡ, ನೀರಿಲ್ಲದ ಕೋಳಿ ಬಿಸಿಲಿಗೆ ಸಾಯುತ್ತದೆ.

ಆಲ್ಬೆಂಡಜೋಲ್ ದುಂಡುಹುಳು, ಹೆಟೆರಾಕಿಸ್, ಕ್ಯಾಪಿಲೇರಿಯಾ ಮೂರಕ್ಕೂ ಆಗುತ್ತದೆ. ಲಾಡಿಹುಳುವಿಗೆ ಅರೆಬರೆ. ಕೆಜಿಗೆ 10 ಮಿಗ್ರಾಂ, ಕ್ಯಾಪಿಲೇರಿಯಾ ಇದ್ದರೆ 20 ಮಿಗ್ರಾಂ. ಪಶು ಔಷಧಿ ಅಂಗಡಿಯ ಶೇ. 2.5ರ ಸಸ್ಪೆನ್ಷನ್‌ನಲ್ಲಿ ಮಿಲಿಗೆ 25 ಮಿಗ್ರಾಂ. ಹಾಗಾಗಿ ಒಂದೂವರೆ ಕೆಜಿಯ ಹೇಂಟೆಗೆ 0.6 ಮಿಲಿ, ದೊಡ್ಡ ಡೋಸ್ ಆದರೆ 1.2 ಮಿಲಿ. ಶೇ. 10ರ ಬಾಟಲಿಯೂ ಸಿಗುತ್ತದೆ. ಲೇಬಲ್ ನೋಡದೆ ಅದೇ ಮಿಲಿ ಕೊಟ್ಟರೆ ಡೋಸ್ ನಾಲ್ಕು ಪಟ್ಟು. ಇದನ್ನು ನೀರಿಗೆ ಬೆರೆಸಬೇಡಿ. ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಮೊದಲು ಕುಡಿದ ಕೋಳಿಗೆ ಬರೀ ನೀರು, ಕೊನೆಯದಕ್ಕೆ ಪೂರ್ತಿ ಔಷಧಿ ಸಿಕ್ಕಂತಾಗುತ್ತದೆ.

ಫೆನ್‌ಬೆಂಡಜೋಲ್ ನಿಧಾನಕ್ಕೆ ಕೊಲ್ಲುತ್ತದೆ, ಅದೇ ಅದರ ಗುಣ. ಹುಳು ಕಿಕ್ಕಿರಿದ ಕೋಳಿಗೆ ಒಮ್ಮೆಲೇ ಎಲ್ಲವನ್ನೂ ಬೀಳಿಸುವ ಔಷಧಿ ಕೊಟ್ಟರೆ ಹುಳುಗಳ ಮುದ್ದೆ ಕರುಳಿಗೆ ಅಡ್ಡಬೀಳಬಹುದು. ಕೆಜಿಗೆ ದಿನಕ್ಕೆ 1 ಮಿಗ್ರಾಂ, ಐದು ದಿನ. ಕ್ಯಾಪಿಲೇರಿಯಾಗೆ 2 ಮಿಗ್ರಾಂ. ಈ ಪ್ರಮಾಣ ಎಷ್ಟು ಸಣ್ಣದೆಂದರೆ ನೇರವಾಗಿ ಅಳೆಯಲಾಗದು. ಶೇ. 25ರ ಪುಡಿಯಾದರೆ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ 1 ಗ್ರಾಂ ತೂಗಿ, 49 ಗ್ರಾಂ ರಾಗಿಹಿಟ್ಟಿನೊಂದಿಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಚೆನ್ನಾಗಿ ಬೆರೆಸಿ. ಈಗ ಒಂದು ಗ್ರಾಂ ಮಿಶ್ರಣದಲ್ಲಿ 5 ಮಿಗ್ರಾಂ ಔಷಧಿ. ಮೇಲಿನ 15 ಕೆಜಿ ಹಿಂಡಿಗೆ ದಿನಕ್ಕೆ 3 ಗ್ರಾಂ ಮಿಶ್ರಣವನ್ನು, ಬೆಳಗಿನ ಖಾಲಿ ಹೊಟ್ಟೆಗೆ, ಹತ್ತು ನಿಮಿಷದಲ್ಲಿ ಮುಗಿಸುವಷ್ಟು ಕಲಸಿದ ಹಿಟ್ಟಿನಲ್ಲಿ ಕೊಡಿ. ಗರಿ ಉದುರಿ ಹೊಸ ಗರಿ ಬರುವ ಸಮಯದಲ್ಲಿ ಇದು ಬೇಡ, ಗರಿ ಸೊಟ್ಟಗೆ ಬರುತ್ತದೆ.

ಲೆವಮಿಸೋಲ್ ಕೆಜಿಗೆ 20ರಿಂದ 25 ಮಿಗ್ರಾಂ. ದುಂಡುಹುಳುವಿಗೂ ಹೆಟೆರಾಕಿಸ್‌ಗೂ ಒಳ್ಳೆಯದು. ಕಹಿಯಿರುವುದರಿಂದ ನೀರು ಬಿಟ್ಟುಬಿಡುತ್ತವೆ, ತೀರಾ ನಿತ್ರಾಣವಾದ ಕೋಳಿಗೆ ಕೊಡಬಾರದು. ಲಾಡಿಹುಳುವಿಗೆ ಸರಿಯಾದದ್ದು ಪ್ರಾಜಿಕ್ವಾಂಟೆಲ್, ಕೆಜಿಗೆ 10 ಮಿಗ್ರಾಂ. ಅದು ಕೋಳಿಗೆಂದೇ ಬರುವ ಔಷಧಿಯಲ್ಲ. ನಾಯಿಯ ಮಾತ್ರೆ ಒಡೆದು ಕೊಡುವ ಮೊದಲು ಪಶುವೈದ್ಯರ ಚೀಟಿ ಇರಲಿ, ಅದರಲ್ಲಿ ಬೇರೆ ಔಷಧಿಗಳೂ ಸೇರಿರುತ್ತವೆ. ಐವರ್‌ಮೆಕ್ಟಿನ್ ಅನ್ನು ಕೆಲವರು ಎಲ್ಲಕ್ಕೂ ಚುಚ್ಚಿಸುತ್ತಾರೆ. ಕೋಳಿಯ ಕರುಳು ಹುಳುವಿಗೆ ಅದು ನೆಚ್ಚುವಂಥದ್ದಲ್ಲ.

ಕುಡಿಸುವುದು ಹೇಗೆ

ಸೂಜಿ ತೆಗೆದ 1 ಮಿಲಿ ಸಿರಿಂಜ್, ಇಬ್ಬರು ಜನ. ಕತ್ತಲಾದ ಮೇಲೆ ಗೂಡಿನಿಂದ ಎತ್ತಿಕೊಂಡರೆ ಕೋಳಿ ಬೆದರುವುದಿಲ್ಲ. ಒಬ್ಬರು ರೆಕ್ಕೆ ಒತ್ತಿ ಕಂಕುಳಲ್ಲಿ ಹಿಡಿಯಲಿ, ಇನ್ನೊಬ್ಬರು ಬಾಟಲಿ ಚೆನ್ನಾಗಿ ಕುಲುಕಿ ಔಷಧಿ ಎಳೆದುಕೊಂಡು ಕೊಕ್ಕಿನ ಪಕ್ಕದಿಂದ ಎರಡು ಮೂರು ಹನಿ ಬಿಡಲಿ. ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ನಾಲಿಗೆಯ ಬುಡದ ಹಿಂದೆಯೇ ಉಸಿರುಕೊಳವೆಯ ಬಾಯಿ ಇದೆ. ಅಲ್ಲಿಗೆ ಒಮ್ಮೆಲೇ ಚಿಮ್ಮಿಸಿದರೆ ಶ್ವಾಸಕೋಶಕ್ಕೆ ಹೋಗಿ ಕೋಳಿ ಕೈಯಲ್ಲೇ ಸಾಯಬಹುದು. ಗೊರಗೊರ ಸದ್ದು ಬಂದರೆ ನಿಲ್ಲಿಸಿ, ತಲೆ ತಗ್ಗಿಸಿ. ಇದು ಕಷ್ಟವೆನಿಸಿದರೆ ಅಳೆದ ಔಷಧಿಯನ್ನು ಗೋಲಿ ಗಾತ್ರದ ರಾಗಿ ಮುದ್ದೆಗೆ ಇಂಗಿಸಿ ಒಂದೊಂದಕ್ಕೂ ಬೇರೆಬೇರೆಯಾಗಿ ತಿನ್ನಿಸಿ. ಕೊಟ್ಟ ಕೋಳಿಯ ಕಾಲಿಗೆ ದಾರ ಕಟ್ಟಿ, ಒಂದಕ್ಕೇ ಎರಡು ಸಲ ಕೊಡುವುದು ತಪ್ಪುತ್ತದೆ.

ಕೊಟ್ಟ ಮೇಲೆ ಎರಡು ದಿನ ಹೊರಗೆ ಬಿಡಬೇಡಿ. ಬೀಳುವ ಹುಳುವಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇರುತ್ತದೆ, ಔಷಧಿ ಅವನ್ನೆಲ್ಲ ಕೊಲ್ಲುತ್ತದೆಂದು ನಂಬಿ ಕೂರುವಂತಿಲ್ಲ. ಆ ಹಿಕ್ಕೆಯನ್ನು ಗುಡಿಸಿ ಸುಡಬೇಕು. ಪೈಪರಜೀನ್, ಆಲ್ಬೆಂಡಜೋಲ್, ಲೆವಮಿಸೋಲ್ ಯಾವುದಾದರೂ ಎರಡರಿಂದ ಮೂರು ವಾರದ ಮೇಲೆ ಇನ್ನೊಂದು ಡೋಸ್ ಕೊಡಿ. ಮೊದಲ ಸಲ ಕರುಳಿನ ಗೋಡೆಯೊಳಗಿದ್ದ ಎಳೆಹುಳು ಆಗ ಹೊರಬಂದಿರುತ್ತದೆ, ಮೊಟ್ಟೆ ಇಡುವಷ್ಟು ಬಲಿತಿರುವುದಿಲ್ಲ.

ಮರಿಗಳಿಗೆ ಮೊದಲ ಡೋಸ್ ಏಳು ವಾರದ ಹೊತ್ತಿಗೆ, ರಾಣಿಖೇತ್‌ನ ಆರ್2ಬಿ ಲಸಿಕೆಗೆ ಒಂದು ವಾರ ಮುಂಚೆ. ಹುಳು ತುಂಬಿದ ಮರಿಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ದೊಡ್ಡ ಕೋಳಿಗೆ ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ನಡುವೆ ಹಿಕ್ಕೆ ಪರೀಕ್ಷೆ ಮಾಡಿಸಿ, ಹುಳು ಕಂಡರೆ ಇನ್ನೊಮ್ಮೆ. ತಿಂಗಳಿಗೊಮ್ಮೆ ಸುಮ್ಮನೆ ಕೊಡುವ ಅಭ್ಯಾಸ ಬೇಡವೇ ಬೇಡ.

ನೆಲದ ಕೆಲಸ

ಹುಳುವಿನ ಮೊಟ್ಟೆ ಫಿನೈಲ್‌ಗೆ ಬಗ್ಗುವುದಿಲ್ಲ. ನೆರಳಿನ ತೇವದ ಮಣ್ಣಿನಲ್ಲಿ ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ಒಣ ಬಿಸಿಲು ಮತ್ತು ಶಾಖ ಮಾತ್ರ ಅದಕ್ಕೆ ಮಾರಕ. ಹಿಂದೆ ಹೇಳಿದ 10 ದಿನದ ಲೆಕ್ಕ ಇಲ್ಲಿ ಬರುತ್ತದೆ: ಹಿಕ್ಕೆ ಬಿದ್ದು ಹತ್ತು ದಿನವಾಗುವ ಮೊದಲೇ ತೆಗೆದರೆ ಅದರಲ್ಲಿದ್ದ ಮೊಟ್ಟೆಯಿಂದ ಸೋಂಕು ಹರಡುವಂತಿಲ್ಲ. ಕೋಳಿ ಅರ್ಧ ದಿನ ಕೋಲಿನ ಮೇಲೆ ಮಲಗಿರುತ್ತದೆ, ರಾತ್ರಿಯ ಹಿಕ್ಕೆಯೆಲ್ಲ ಕೋಲಿನ ಕೆಳಗೇ ಬೀಳುತ್ತದೆ. ಅಲ್ಲಿ ಒಂದು ಹಲಗೆ ಅಥವಾ ಹಳೆಯ ಫ್ಲೆಕ್ಸ್ ಹಾಸಿ, ಬೆಳಿಗ್ಗೆ ಕೆರೆದು ತೆಗೆದರೆ ಕೆಲಸದ ಬಹುಭಾಗ ಮುಗಿದ ಹಾಗೆ.

ಕೆರೆದದ್ದು ಎಲ್ಲಿಗೆ ಹೋಗುತ್ತದೆ ಎನ್ನುವುದು ಮುಖ್ಯ. ನಮ್ಮಲ್ಲಿ ಅದು ಹೋಗುವುದು ತಿಪ್ಪೆಗೆ, ಕೋಳಿ ಇಡೀ ದಿನ ಕೆದರುವುದೂ ಅದೇ ತಿಪ್ಪೆಯನ್ನು. ಔಷಧಿ ಕೊಟ್ಟ ಎರಡು ತಿಂಗಳಿಗೆ ಹುಳು ಮತ್ತೆ ಬಂತೆಂದರೆ ಮೊದಲು ತಿಪ್ಪೆ ನೋಡಿ. ಕೋಳಿ ಹಿಕ್ಕೆಗೆ ಬೇರೆ ಗುಂಡಿ ಮಾಡಿ ಮುಳ್ಳುಕಂಟಿ ಅಥವಾ ಬಲೆ ಮುಚ್ಚಿ. ಅದು ಒಳಗೊಳಗೇ ಕಾದು ಕೊಳೆಯುವಾಗಿನ ಶಾಖಕ್ಕೆ ಮೊಟ್ಟೆ ಸಾಯುತ್ತದೆ.

ಗೂಡಿನೊಳಗೆ ಮೂರು ನಾಲ್ಕು ಅಂಗುಲ ಭತ್ತದ ಹೊಟ್ಟು ಹಾಕಿ, ವಾರಕ್ಕೆರಡು ಸಲ ತಿರುವಿ. ಹಿಡಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ಬದಲಿಸುವ ಕಾಲ. ನೀರಿನ ತಟ್ಟೆಯ ಸುತ್ತಲಿನ ಹೊಟ್ಟು ಬೇಗ ಒದ್ದೆಯಾಗುವುದರಿಂದ ತಟ್ಟೆಯನ್ನು ಎರಡು ಇಟ್ಟಿಗೆ ಎತ್ತರಕ್ಕಿಡಿ. ಸುಣ್ಣ ಎರಚುವುದು ತೇವ ಹೀರಲು, ಮೊಟ್ಟೆ ಕೊಲ್ಲಲು ಅಲ್ಲ. ಕಾಳನ್ನು ನೆಲಕ್ಕೆ ಚೆಲ್ಲುವ ಬದಲು ಮರಿಗೆಯಲ್ಲಿ ಹಾಕಿ. ಮರಿಗಳನ್ನು ದೊಡ್ಡ ಕೋಳಿ ಓಡಾಡದ ಬಿಸಿಲು ಜಾಗದಲ್ಲಿ ಮೂರು ತಿಂಗಳವರೆಗೆ ಬೇರೆಯಾಗಿಡಲು ಆದರೆ ಇನ್ನೂ ಒಳ್ಳೆಯದು. ಲಾಡಿಹುಳು ಇರುವ ಹಿತ್ತಲಲ್ಲಿ ಇರುವೆ ಗೂಡು, ಸಗಣಿ ರಾಶಿ, ಬಸವನಹುಳು ಸೇರುವ ಒದ್ದೆ ಮೂಲೆಗಳನ್ನು ತೆಗೆಯದೆ ಎಷ್ಟು ಪ್ರಾಜಿಕ್ವಾಂಟೆಲ್ ಕೊಟ್ಟರೂ ಮೂರು ವಾರಕ್ಕೆ ಮತ್ತೆ ನುಚ್ಚಿನಂಥ ತುಣುಕು ಕಾಣುತ್ತದೆ.

ಮೊಟ್ಟೆ ಮತ್ತು ಮಾಂಸ

ಫೆನ್‌ಬೆಂಡಜೋಲ್‌ನ 1 ಮಿಗ್ರಾಂ, ಐದು ದಿನದ ಕ್ರಮಕ್ಕೆ ಅಮೆರಿಕದಲ್ಲಿ ಮೊಟ್ಟೆ ಬಿಡಬೇಕಾದ ನಿಯಮವಿಲ್ಲ, ಆದರೆ ಅದು ಅಲ್ಲಿ ಕೋಳಿಗೆಂದೇ ಒಪ್ಪಿಗೆ ಪಡೆದ ದ್ರಾವಣಕ್ಕೆ ಸೇರಿದ ಮಾತು. ಇಲ್ಲಿನ ದನ-ಕುರಿಯ ಬಾಟಲಿಯಲ್ಲಿ ಕೋಳಿ ಮೊಟ್ಟೆಯ ಅವಧಿ ಬರೆದಿರುವುದಿಲ್ಲ. ಅಂಥದ್ದನ್ನು ಕೊಟ್ಟಾಗ ಕೊನೆಯ ಡೋಸ್‌ನಿಂದ 14 ದಿನ ಮೊಟ್ಟೆಯನ್ನೂ ಮಾಂಸವನ್ನೂ ತಿನ್ನದಿರುವುದು, ಮಾರದಿರುವುದು ಕ್ಷೇಮ. ಆ ಮೊಟ್ಟೆಗಳನ್ನು ಕಾವಿಗೂ ಇಡಬೇಡಿ, ಆಲ್ಬೆಂಡಜೋಲ್ ಗುಂಪಿನ ಔಷಧಿಗಳು ಬೆಳೆಯುವ ಭ್ರೂಣಕ್ಕೆ ಒಳ್ಳೆಯವಲ್ಲ. ಮೊಟ್ಟೆ ಮಾರುವವರು ಹಿಂಡನ್ನು ಎರಡು ಗುಂಪು ಮಾಡಿ ಒಂದೊಂದಕ್ಕೆ ಬೇರೆಬೇರೆ ವಾರ ಕೊಡಲು ಹೋಗುತ್ತಾರೆ. ಎರಡೂ ಗುಂಪು ಒಂದೇ ಅಂಗಳದಲ್ಲಿ ಮೇಯುವುದಾದರೆ ಅದರಿಂದ ಪ್ರಯೋಜನವಿಲ್ಲ, ಎಲ್ಲಕ್ಕೂ ಒಂದೇ ದಿನ ಕೊಡಬೇಕು.

ಎರಡನೇ ಡೋಸ್ ಆಗಿ ಎರಡು ವಾರಕ್ಕೆ ಇನ್ನೊಮ್ಮೆ ಹಿಕ್ಕೆ ಕೊಟ್ಟು ನೋಡಿ. ಆಗಲೂ ಮೊಟ್ಟೆ ಹೇರಳವಾಗಿ ಕಂಡರೆ ಔಷಧಿಯ ಹೆಸರು, ಶೇಕಡಾವಾರು, ಕೊಟ್ಟ ಮಿಲಿ, ಕೋಳಿಯ ತೂಕ ಬರೆದುಕೊಂಡು ಪಶುವೈದ್ಯರ ಬಳಿ ಹೋಗಿ. ಅಳತೆ ತಪ್ಪಿತೇ, ಔಷಧಿ ಹಳೆಯದೇ, ಹುಳುವೇ ಬಗ್ಗುತ್ತಿಲ್ಲವೇ ಎಂದು ಹೇಳಲು ಅವರಿಗೆ ಈ ನಾಲ್ಕೂ ಬೇಕಾಗುತ್ತದೆ.